ಹೆಲ್ಮೆಟ್ಟಿನ ಗ್ಲಾಸಿಗೆ ಮಂಜು, ಕಿವಿಗೆ ಗಾಳಿಯ ಗದ್ದಲ: ಏನು ಮಾಡೋಣ?



ಕಳೆದ ಮಳೆಗಾಲದಲ್ಲಿ ಮಲೆನಾಡಿನ ಒಂದು ಸಂಘದ ಸಭೆ ಮುಗಿಯುವಾಗ ಸಂಜೆ ಆರು ಗಂಟೆ ದಾಟಿತ್ತು. ಹೊರಗೆ ಜಡಿಮಳೆ. ಸ್ಕೂಟರಿನಲ್ಲಿ ಬಂದಿದ್ದ ಸದಸ್ಯೆಯೊಬ್ಬರು ಹೆಲ್ಮೆಟನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ತಲೆಗೆ ರೈನ್‌ಕೋಟಿನ ಟೊಪ್ಪಿ ಮಾತ್ರ ಹಾಕಿಕೊಂಡು ಹೊರಟರು. "ಯಾಕಮ್ಮಾ, ಹೆಲ್ಮೆಟ್ ಇದ್ದೂ ಹಾಕೋದಿಲ್ವಾ?" ಎಂದು ಕೇಳಿದೆ.

"ಮಳೆಗೆ ಅದನ್ನ ಹಾಕಿದ್ರೆ ಗ್ಲಾಸೆಲ್ಲ ಮಂಜು ಕಟ್ಟಿ ಎದುರಿಗೆ ಏನೂ ಕಾಣೋದಿಲ್ಲ ಸಿಸ್ಟರ್. ಗ್ಲಾಸ್ ಮೇಲೆತ್ತಿದ್ರೆ ಮಳೆಹನಿ ಕಣ್ಣಿಗೆ ಸೂಜಿ ಹಾಗೆ ಚುಚ್ತದೆ. ಕಿವಿಯಲ್ಲಿ ಬುರ್ರ್ ಅಂತ ಗಾಳಿ ಬೇರೆ. ಅದಿಲ್ಲದೆ ಹೋಗೋದೇ ವಾಸಿ" ಎಂದರು.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಇಳಿದು ಬಿದ್ದರು. ತಲೆಗೆ ಹೊಲಿಗೆ ಬಿತ್ತು, ತಿಂಗಳುಗಟ್ಟಲೆ ತಲೆಸುತ್ತು ಇತ್ತು. ದೇವರ ದಯೆ, ಜೀವ ಉಳಿಯಿತು. ಹೆಲ್ಮೆಟ್ ಮಾತ್ರ ಒಂದು ಗೀರೂ ಇಲ್ಲದೆ ಕೊಕ್ಕೆಯಲ್ಲೇ ಇತ್ತು.

ನಾನು ಅವರನ್ನು ಬಯ್ಯಲಿಲ್ಲ. ಅವರು ಹೇಳಿದ ತೊಂದರೆ ನಿಜವಾದ ತೊಂದರೆ. ಕಣ್ಣು ಕಾಣದೆ ಗಾಡಿ ಓಡಿಸಿ ಎಂದು ಯಾರೂ ಹೇಳುವ ಹಾಗಿಲ್ಲ. ಆದರೆ ಈ ಎರಡೂ ತೊಂದರೆಗೆ ಪರಿಹಾರ ಇದೆ, ಅದರಲ್ಲಿ ಹೆಚ್ಚಿನದಕ್ಕೆ ಖರ್ಚೂ ಇಲ್ಲ ಎಂಬುದನ್ನು ನಾವು ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ತಜ್ಞರು ಲೆಕ್ಕ ಹಾಕಿದಾಗ, ಅಪಘಾತದಲ್ಲಿ ಹೆಲ್ಮೆಟ್ ಹಾಕಿದ್ದ ಸವಾರರಿಗೆ ಸಾವಿನ ಅಪಾಯ ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಶೇಕಡಾ 69ರಷ್ಟು ಕಡಿಮೆ ಎಂದು ಕಂಡುಬಂತು. ಆದರೆ ಈ ಲಾಭ ತಲೆಯ ಮೇಲಿರುವ ಹೆಲ್ಮೆಟ್ಟಿಗೆ ಮಾತ್ರ. ಕೊಕ್ಕೆಯಲ್ಲಿರುವುದಕ್ಕೆ, ಮೊಣಕೈಗೆ ಸಿಕ್ಕಿಸಿಕೊಂಡದ್ದಕ್ಕೆ ಇಲ್ಲ.

ಗ್ಲಾಸಿಗೆ ಮಂಜು ಕಟ್ಟುವುದು ಯಾಕೆ?

ನಾವು ಗ್ಲಾಸ್ ಎನ್ನುತ್ತೇವೆ, ಅಂಗಡಿಯವರು ವೈಸರ್ ಎನ್ನುತ್ತಾರೆ. ನಿಜವಾಗಿ ಅದು ಗಾಜು ಅಲ್ಲ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್.

ಇಡ್ಲಿ ಬೇಯಿಸಿದ ಮೇಲೆ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಒಳಗಡೆ ಸಣ್ಣ ಸಣ್ಣ ಹನಿ ಕೂತಿರುತ್ತದೆ. ಬಿಸಿ ಹಬೆ ತಣ್ಣಗಿನ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ. ಹೆಲ್ಮೆಟ್ಟಿನೊಳಗೂ ಆಗುವುದು ಇದೇ. ನಾವು ಬಿಡುವ ಉಸಿರು ಬೆಚ್ಚಗಿರುತ್ತದೆ, ಅದರ ತುಂಬಾ ನೀರಿನ ಆವಿ ಇರುತ್ತದೆ. ಹೊರಗೆ ಮಳೆ ಮತ್ತು ಗಾಳಿ ಬಡಿದು ಗ್ಲಾಸ್ ತಣ್ಣಗಾಗಿರುತ್ತದೆ. ಆವಿ ಅದಕ್ಕೆ ತಾಗಿ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳಾಗಿ ಕೂರುತ್ತದೆ. ಎದುರಿನ ಗಾಡಿಯ ಬೆಳಕು ಆ ಹನಿಗಳಲ್ಲಿ ಚೆದುರಿ ಎಲ್ಲವೂ ಬಿಳಿ ಬಿಳಿಯಾಗಿ ಮಸುಕಾಗುತ್ತದೆ. ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕಿದಾಗ ಕನ್ನಡಕ ಮಬ್ಬಾಗುತ್ತಿದ್ದುದು ನಿಮಗೆ ನೆನಪಿರಬಹುದು. ಅಲ್ಲೂ ಇದೇ ಕಾರಣ.

ಹಾಗಾದರೆ ಮಂಜು ಕಟ್ಟಲು ಮೂರು ಸಂಗತಿ ಬೇಕು: ಒಳಗೆ ತೇವ, ತಣ್ಣಗಿನ ಗ್ಲಾಸ್, ಗಾಳಿ ಆಡದಿರುವುದು. ಹೊರಗಿನ ಚಳಿಯನ್ನು ನಾವು ಬದಲಾಯಿಸಲಾರೆವು. ಉಳಿದ ಎರಡು ನಮ್ಮ ಕೈಯಲ್ಲಿದೆ.

ಮಂಜು ತಡೆಯುವ ಉಪಾಯಗಳು

1. ಒಳಗಿನ ತೇವ ಕಡಿಮೆ ಮಾಡಿ. ಬೆಳಿಗ್ಗೆ ತಲೆಸ್ನಾನ ಮಾಡಿ ಒದ್ದೆ ಕೂದಲಿಗೇ ಹೆಲ್ಮೆಟ್ ಹಾಕಿ ಹೊರಡುವವರು ನಮ್ಮಲ್ಲಿ ಬಹಳ. ಆ ತೇವವೆಲ್ಲ ಒಳಗಿನ ಸ್ಪಂಜಿಗೆ ಇಳಿದು ಮತ್ತೆ ಆವಿಯಾಗಿ ಗ್ಲಾಸಿಗೆ ಬರುತ್ತದೆ. ಕೂದಲು ಒಣಗಿಸಿ ಹೊರಡಿ. ಹೆಲ್ಮೆಟ್ ನೆನೆದಿದ್ದರೆ ಮನೆಗೆ ಬಂದ ಕೂಡಲೇ ಗ್ಲಾಸ್ ಎತ್ತಿ, ಗಾಳಿ ಆಡುವ ಕಡೆ ಅಥವಾ ಫ್ಯಾನ್ ಕೆಳಗೆ ಇಡಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲೆ, ಹಂಡೆಯ ಪಕ್ಕ ಇಡಬೇಡಿ. ಪೆಟ್ಟು ತಡೆಯುವುದು ಒಳಗಿರುವ ಥರ್ಮೊಕೋಲ್ ಪದರ. ಬೆಂಕಿಯ ಶಾಖಕ್ಕೆ ಅದು ಹಾಳಾಗುತ್ತದೆ.

2. ಉಸಿರು ಕೆಳಗೆ ಹೋಗಲಿ. ಧೂಳಿಗೆ, ಚಳಿಗೆ ಎಂದು ಮೂಗಿನ ಮೇಲೆ ದುಪಟ್ಟಾ ಸುತ್ತಿ ಅದರ ಮೇಲೆ ಹೆಲ್ಮೆಟ್ ಹಾಕಿದರೆ ಉಸಿರೆಲ್ಲ ಮೇಲಕ್ಕೇ ನುಗ್ಗಿ ನೇರ ಗ್ಲಾಸಿಗೆ ತಾಗುತ್ತದೆ. ಮಳೆಯಲ್ಲಿ ಮುಖಕ್ಕೆ ಬಟ್ಟೆ ಬೇಡ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಿ. ಕೆಲವು ಹೆಲ್ಮೆಟ್ಟುಗಳಲ್ಲಿ ಮೂಗಿನ ಮೇಲೆ ಬರುವ ಸಣ್ಣ ರಬ್ಬರ್ ತುಂಡು ಇರುತ್ತದೆ. ಅದು ಇರುವುದು ಉಸಿರನ್ನು ಕೆಳಕ್ಕೆ ತಿರುಗಿಸಲು. ಅಡ್ಡ ಬರುತ್ತದೆ ಎಂದು ಕಿತ್ತು ಎಸೆಯಬೇಡಿ.

3. ಗಾಳಿಗೆ ದಾರಿ ಬಿಡಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನ ಗದ್ದದ ಹತ್ತಿರ, ಹಣೆಯ ಮೇಲೆ ಸಣ್ಣ ಕಿಂಡಿಗಳಿರುತ್ತವೆ, ಅವುಗಳಿಗೆ ಜಾರುವ ಮುಚ್ಚಳ ಇರುತ್ತದೆ. ಎಷ್ಟೋ ಜನರಿಗೆ ಅದು ತೆರೆಯುತ್ತದೆ ಎಂಬುದೇ ಗೊತ್ತಿಲ್ಲ! ಮಳೆಯಲ್ಲಿ ಗದ್ದದ ಕಿಂಡಿ ತೆರೆದಿಡಿ. ಕಿಂಡಿ ಇಲ್ಲದಿದ್ದರೆ ಗ್ಲಾಸನ್ನು ಒಂದು ಹಲ್ಲಿನಷ್ಟು, ಅಂದರೆ ಬೆರಳಿನ ದಪ್ಪಕ್ಕಿಂತ ಕಡಿಮೆ ಎತ್ತಿಡಿ. ಗಾಡಿ ನಿಂತಾಗ ಗ್ಲಾಸ್ ಪೂರ್ತಿ ಎತ್ತಿ, ಹೊರಟು ಗಾಳಿ ಆಡತೊಡಗಿದ ಮೇಲೆ ಇಳಿಸಿ. ಮಂಜು ಹೆಚ್ಚಾಗಿ ಕಟ್ಟುವುದು ನಿಂತಾಗ, ನಿಧಾನ ಹೋಗುವಾಗ.

4. ಸೋಪಿನ ಉಪಾಯ. ಇದು ಹಳೆಯದು, ಸುಲಭದ್ದು. ಸೋಪು ಹಚ್ಚಿದ ಜಾಗದಲ್ಲಿ ನೀರು ಹನಿಹನಿಯಾಗಿ ನಿಲ್ಲದೆ ತೆಳು ಪದರವಾಗಿ ಹರಡಿಕೊಳ್ಳುತ್ತದೆ. ಆಗ ಬೆಳಕು ಚೆದುರದೆ ನೇರ ಬರುತ್ತದೆ, ಎದುರು ಕಾಣುತ್ತದೆ. ಮಾಡುವ ಕ್ರಮ ಹೀಗೆ:

– ಮೊದಲು ಒದ್ದೆ ಹತ್ತಿ ಬಟ್ಟೆಯನ್ನು ಗ್ಲಾಸಿನ ಮೇಲೆ ಹತ್ತು ನಿಮಿಷ ಹಾಸಿಡಿ. ಮಣ್ಣು, ಸತ್ತ ಹುಳ ಎಲ್ಲ ಮೆತ್ತಗಾಗುತ್ತದೆ.
– ಉಗುರುಬೆಚ್ಚಗಿನ ನೀರಿನಲ್ಲಿ ಬೆರಳಿನಿಂದಲೇ ಮೆಲ್ಲಗೆ ತೊಳೆಯಿರಿ, ಮೆತ್ತನೆ ಹಳೆಯ ಬಟ್ಟೆಯಿಂದ ಒತ್ತಿ ಒರೆಸಿ.
– ಮಕ್ಕಳ ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ತೆಗೆದುಕೊಂಡು ಗ್ಲಾಸಿನ ಒಳಭಾಗಕ್ಕೆ ತೆಳ್ಳಗೆ ಸವರಿ.
– ಒಣಗಿದ ಮೇಲೆ, ಒಣ ಬಟ್ಟೆಯಿಂದ ಗ್ಲಾಸ್ ಸ್ವಚ್ಛವಾಗಿ ಕಾಣುವ ತನಕ ಮೆಲ್ಲಗೆ ಒರೆಸಿ. ಕಣ್ಣಿಗೆ ಕಾಣದ ಒಂದು ಪದರ ಮಾತ್ರ ಉಳಿಯಬೇಕು.
– ಬಾಯಿಯಿಂದ "ಹಾ" ಎಂದು ಉಸಿರು ಬಿಟ್ಟು ನೋಡಿ. ಮಬ್ಬಾಗದಿದ್ದರೆ ಸರಿಯಾಗಿದೆ.

ಇದು ಒಂದೆರಡು ದಿನ ನಿಲ್ಲುತ್ತದೆ, ಮತ್ತೆ ಮಾಡಬೇಕು. ಸೋಪು ಜಾಸ್ತಿ ಹಾಕಬೇಡಿ. ಮಳೆನೀರಿಗೆ ಕರಗಿ ಕಣ್ಣಿಗೆ ಇಳಿದರೆ ಉರಿಯುತ್ತದೆ, ಅದು ಇನ್ನೂ ಅಪಾಯ. ಕೆಲವು ಹೊಸ ಹೆಲ್ಮೆಟ್ಟುಗಳ ಗ್ಲಾಸಿಗೆ ಮಂಜು ತಡೆಯುವ ಲೇಪ ಕಂಪನಿಯಲ್ಲೇ ಹಚ್ಚಿ ಬರುತ್ತದೆ. ಅಂಥದ್ದಕ್ಕೆ ಸೋಪು ಬೇಡ. ಬರೀ ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿದರೆ ಸಾಕು.

5. ಎರಡು ಪದರದ ಗ್ಲಾಸ್. ಪಿನ್‌ಲಾಕ್ ಎಂಬ ತೆಳು ಪದರವನ್ನು ಗ್ಲಾಸಿನ ಒಳಗೆ ಕೂರಿಸಲು ಬರುತ್ತದೆ. ಎರಡು ಪದರದ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಹೊರಗಿನ ಚಳಿ ಒಳಪದರಕ್ಕೆ ಅಷ್ಟು ತಾಗುವುದಿಲ್ಲ. ಫ್ಲಾಸ್ಕಿನಲ್ಲಿ ಚಹಾ ಬಿಸಿಯಾಗಿ ಉಳಿಯುವ ಹಾಗೆ ಎಂದಿಟ್ಟುಕೊಳ್ಳಿ. ಇದು ಒಳ್ಳೆಯ ಉಪಾಯ, ಆದರೆ ದುಬಾರಿ, ಎಲ್ಲ ಹೆಲ್ಮೆಟ್ಟಿಗೂ ಕೂರುವುದಿಲ್ಲ. ದಿನಾ ದೂರ ಓಡಾಡುವವರು ಕೇಳಿ ನೋಡಬಹುದು.

ಮಾಡಬಾರದ್ದು: ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಪಾತ್ರೆ ಪುಡಿ, ತೆಂಗಿನ ನಾರು, ಟೂತ್‌ಪೇಸ್ಟ್ ಬೇಡ. ಕಾಗದದಿಂದಲೂ, ಸೀರೆ ಸೆರಗಿನಿಂದಲೂ ಒಣಗ್ಲಾಸನ್ನು ತಿಕ್ಕಬೇಡಿ. ಮಣ್ಣಿನ ಕಣದಿಂದ ಬಿದ್ದ ಒಂದೊಂದು ಗೀರೂ ರಾತ್ರಿ ಎದುರು ಗಾಡಿಯ ಬೆಳಕಿಗೆ ನಕ್ಷತ್ರದ ಹಾಗೆ ಹೊಳೆದು ಕಣ್ಣು ಕುಕ್ಕುತ್ತದೆ. ಗೀರು ತುಂಬಿದ ಗ್ಲಾಸನ್ನು ಬದಲಾಯಿಸಿ. ಎಷ್ಟೋ ಹೆಲ್ಮೆಟ್ಟುಗಳಿಗೆ ಗ್ಲಾಸ್ ಮಾತ್ರ ಬೇರೆಯಾಗಿ ಸಿಗುತ್ತದೆ. ಕಪ್ಪು ಗ್ಲಾಸ್ ಮಳೆಗೂ ರಾತ್ರಿಗೂ ಬೇಡವೇ ಬೇಡ.

ಘಾಟಿಯಲ್ಲಿ ಹೋಗುವವರಿಗೆ ಒಂದು ಮಾತು. ಆಗುಂಬೆ, ಚಾರ್ಮಾಡಿ, ಕೊಟ್ಟಿಗೆಹಾರದ ಕಡೆ ಮಳೆಗಾಲದ ಮಂಜು ಗ್ಲಾಸಿನ ಹೊರಗಡೆಯೂ ಹನಿಯಾಗಿ ಕೂರುತ್ತದೆ. ಮಬ್ಬು ಒಳಗೋ ಹೊರಗೋ ತಿಳಿಯಲು ಎಡಗೈ ಬೆರಳಿನಿಂದ ಹೊರಗೆ ಒಮ್ಮೆ ಒರೆಸಿ ನೋಡಿ. ಹೋದರೆ ಹೊರಗಿನದು. ಹೋಗದಿದ್ದರೆ ಒಳಗಿನದು, ಗಾಳಿ ಬಿಡಬೇಕು. ಏಕಾಏಕಿ ಏನೂ ಕಾಣದಾದರೆ ಗಾಬರಿಯಿಂದ ಬ್ರೇಕ್ ಹಿಡಿಯಬೇಡಿ. ವೇಗ ಇಳಿಸಿ, ಗ್ಲಾಸ್ ಎತ್ತಿ, ಇಂಡಿಕೇಟರ್ ಹಾಕಿ ಎಡಬದಿಗೆ ನಿಲ್ಲಿಸಿ. ಗಾಡಿ ಓಡುತ್ತಿರುವಾಗ ಹೆಲ್ಮೆಟ್ಟಿನೊಳಗೆ ಕೈ ಹಾಕಿ ಒರೆಸುವ ಸಾಹಸ ಬೇಡ.

ಕಿವಿಯಲ್ಲಿ ಗಾಳಿಯ ಸದ್ದು ಯಾಕೆ?

ಕೊಳಲಿನ ತೂತಿಗೆ ಗಾಳಿ ಬಿದ್ದರೆ ಸ್ವರ ಬರುತ್ತದೆ. ಬಾಗಿಲ ಸಂದಿಯಲ್ಲಿ ಬಿರುಗಾಳಿ ನುಗ್ಗಿದರೆ ಸುಯ್ ಎನ್ನುತ್ತದೆ. ಹೆಲ್ಮೆಟ್ಟಿಗೂ ತಲೆಗೂ ನಡುವೆ, ಗ್ಲಾಸಿಗೂ ರಬ್ಬರಿಗೂ ನಡುವೆ ಸಂದು ಇದ್ದರೆ ಅಲ್ಲೂ ಹಾಗೆಯೇ. ಅಂದರೆ ಬಹಳ ಸದ್ದು ಮಾಡುವ ಹೆಲ್ಮೆಟ್ ಹೆಚ್ಚಾಗಿ ಸರಿಯಾಗಿ ಕೂರದ ಹೆಲ್ಮೆಟ್. ಸರಿಯಾಗಿ ಕೂರದ್ದು ಬಿದ್ದಾಗ ತಲೆಯಿಂದ ಹಾರಿಯೂ ಹೋಗುತ್ತದೆ. ಆದ್ದರಿಂದ ಸದ್ದನ್ನು ಒಂದು ಎಚ್ಚರಿಕೆ ಎಂದೇ ತಿಳಿಯಿರಿ.

1. ಅಳತೆ. ನಮ್ಮ ಹೆಂಗಸರಲ್ಲಿ ಅನೇಕರು ಹಾಕುವುದು ಗಂಡನದೋ ಮಗನದೋ ಹಳೆಯ ಹೆಲ್ಮೆಟ್. ಅದು ಅವರ ತಲೆಯ ಅಳತೆಯದ್ದು. ಹೊಲಿಗೆ ಟೇಪನ್ನು ಹುಬ್ಬಿನ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ತಲೆಯ ಸುತ್ತ ಹಿಡಿದು ಅಳೆಯಿರಿ. 58 ಸೆಂಟಿಮೀಟರ್ ಬಂದರೆ ಹೆಲ್ಮೆಟ್ಟಿನಲ್ಲಿ 580 ಎಂದು ಬರೆದಿರುವುದನ್ನು ಕೇಳಿ. ಹಾಕಿ ಬಕಲ್ ಹಾಕಿದ ಮೇಲೆ ಕೆನ್ನೆ ಸ್ವಲ್ಪ ಒತ್ತಿದ ಹಾಗೆ ಇರಬೇಕು. ತಲೆ ಆಡಿಸಿದರೆ ಹೆಲ್ಮೆಟ್ ಒಟ್ಟಿಗೇ ತಿರುಗಬೇಕು. ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು.

2. ತುರುಬು, ಕ್ಲಿಪ್, ಹೂವು. ಎತ್ತರಕ್ಕೆ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಮೇಲಕ್ಕೆ ಎದ್ದು ನಿಲ್ಲುತ್ತದೆ. ಕತ್ತಿನ ಕೆಳಗಿನಿಂದ ಗಾಳಿ ನುಗ್ಗುತ್ತದೆ. ದೊಡ್ಡ ಕ್ಲಿಪ್ ಬಿದ್ದಾಗ ತಲೆಗೇ ಚುಚ್ಚುತ್ತದೆ. ಸವಾರಿಗೆ ಕೆಳಗೆ ಹೆಣೆದ ಜಡೆಯೇ ಒಳ್ಳೆಯದು. ಹೂವನ್ನು ಊರು ಮುಟ್ಟಿದ ಮೇಲೆ ಮುಡಿಯಬಹುದು. ನಮ್ಮಂಥ ಸಿಸ್ಟರುಗಳ ತಲೆವಸ್ತ್ರಕ್ಕೂ, ಅದರ ಪಿನ್ನಿಗೂ ಇದೇ ಮಾತು!

3. ರೈನ್‌ಕೋಟಿನ ಟೊಪ್ಪಿ. ಅದನ್ನು ಹೆಲ್ಮೆಟ್ಟಿನ ಒಳಗೆ ಹಾಕಿದರೆ ಕಿವಿಯ ಹತ್ತಿರ ಪರಪರ ಸದ್ದು, ತಲೆ ತಿರುಗಿಸಿದಾಗ ಪಕ್ಕದ ಗಾಡಿ ಕಾಣದ ಹಾಗೆ ಅಡ್ಡ, ಹೆಲ್ಮೆಟ್ಟೂ ಜಾರುತ್ತದೆ. ಟೊಪ್ಪಿಯನ್ನು ಕಾಲರಿನೊಳಗೆ ಮಡಚಿಡಿ. ಹೆಲ್ಮೆಟ್ಟೇ ತಲೆಗೆ ಕೊಡೆ.

4. ಕಾಗದದ ಪರೀಕ್ಷೆ. ಗ್ಲಾಸ್ ಎತ್ತಿ, ಅಂಚಿನ ರಬ್ಬರಿನ ಮೇಲೆ ಒಂದು ಕಾಗದದ ತುಂಡು ಇಟ್ಟು ಗ್ಲಾಸ್ ಮುಚ್ಚಿ. ಕಾಗದ ಎಳೆದರೆ ಸ್ವಲ್ಪ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದರೆ ಅಲ್ಲಿ ಸಂದು ಇದೆ. ಎರಡು ಬದಿಯ ಸ್ಕ್ರೂ ಬಿಗಿ ಮಾಡಿ, ರಬ್ಬರ್ ಹರಿದಿದ್ದರೆ ಹಾಕಿಸಿ.

5. ಹಾರಾಡುವ ವಸ್ತುಗಳು. ಬಕಲಿನ ಪಟ್ಟಿಯ ತುದಿ, ದುಪಟ್ಟಾ, ಸೆರಗು ಹಾರಿ ಹೆಲ್ಮೆಟ್ಟಿಗೆ ಬಡಿದರೂ ಒಳಗೆ ಟಪಟಪ ಕೇಳುತ್ತದೆ. ಎಲ್ಲವನ್ನೂ ಒಳಗೆ ಸಿಕ್ಕಿಸಿ. ಹಾರುವ ಸೆರಗು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಣಹವೆಯಲ್ಲಿ ಕತ್ತಿಗೆ ತೆಳು ಹತ್ತಿ ಬಟ್ಟೆ ಸುತ್ತಿ ತುದಿಗಳನ್ನು ಒಳಗೆ ತುರುಕಿದರೆ ಕೆಳಗಿನ ಗಾಳಿ ನಿಲ್ಲುತ್ತದೆ.

6. ವೇಗ. ವೇಗ ಇಮ್ಮಡಿಯಾದರೆ ಗಾಳಿಯ ಸದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವವರಿಗೆ ಇದು ಕಿರಿಕಿರಿ ಅಷ್ಟೆ. ಹೆದ್ದಾರಿಯಲ್ಲಿ ಬೈಕ್ ಓಡಿಸುವ ನಿಮ್ಮ ಮಕ್ಕಳಿಗೆ ಹೇಳಿ: 100ರ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಸದ್ದು ಸುಮಾರು 100 ಡೆಸಿಬಲ್ ಮುಟ್ಟಬಹುದು. 85 ಡೆಸಿಬಲ್‌ಗಿಂತ ಮೇಲಿನ ಸದ್ದಿನಲ್ಲಿ ದಿನಾ ಬಹಳ ಹೊತ್ತು ಇದ್ದರೆ ಕಿವಿ ಮೆಲ್ಲಮೆಲ್ಲನೆ ಮಂದವಾಗುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ. ಸದ್ದು ಮುಚ್ಚಲೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡು ಹಾಕುವುದಂತೂ ಕಿವಿಗೂ ಜೀವಕ್ಕೂ ಕೇಡು.

"ಹೆಲ್ಮೆಟ್ ಹಾಕಿದ್ರೆ ಹಾರ್ನ್ ಕೇಳಿಸಲ್ಲ" ಎನ್ನುವವರಿಗೆ ಉತ್ತರ ಇದೆ. ಅಮೆರಿಕದಲ್ಲಿ 1994ರಲ್ಲಿ 50 ಸವಾರರನ್ನು ಹೆಲ್ಮೆಟ್ ಇಲ್ಲದೆ, ಅರ್ಧ ಹೆಲ್ಮೆಟ್ ಹಾಕಿ, ಪೂರ್ತಿ ಹೆಲ್ಮೆಟ್ ಹಾಕಿ ಓಡಿಸಿ ನೋಡಿದರು. ಹಾರ್ನ್ ಕೇಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓಡುವ ಗಾಡಿಯಲ್ಲಿ ಬರಿ ಕಿವಿಗೂ ಗಾಳಿ ಬಡಿಯುತ್ತದಲ್ಲ! ಹೆಲ್ಮೆಟ್ ಹಾರ್ನನ್ನೂ ತಗ್ಗಿಸುತ್ತದೆ, ಗಾಳಿಯನ್ನೂ ತಗ್ಗಿಸುತ್ತದೆ.

ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಬೇಡ

ಇಲ್ಲಿಯವರೆಗೆ ಓದಿದವರಿಗೆ ಒಂದು ಸಂಶಯ ಬಂದಿರಬೇಕು. ಮಂಜು ಹೋಗಲು ಗಾಳಿ ಬೇಕು, ಸದ್ದು ಹೋಗಲು ಗಾಳಿ ಬೇಡ. ಎರಡೂ ಒಟ್ಟಿಗೆ ಹೇಗೆ?

ಸಂಶಯ ಸರಿಯೇ. ಮುಖ ತೆರೆದ, ಮುಂದೆ ಗ್ಲಾಸ್ ಮಾತ್ರ ಇರುವ ಹೆಲ್ಮೆಟ್ಟಿನಲ್ಲಿ ಮಂಜು ಕಡಿಮೆ, ಸದ್ದು ಜಾಸ್ತಿ. ಪೂರ್ತಿ ಮುಖ ಮುಚ್ಚುವುದರಲ್ಲಿ ಸದ್ದು ಕಡಿಮೆ, ಮಂಜು ಜಾಸ್ತಿ, ಆದರೆ ಗದ್ದಕ್ಕೂ ಹಲ್ಲಿಗೂ ರಕ್ಷಣೆ ಇದೆ. ಬೇಕಾದ ಗಾಳಿ ಬೇಕಾದ ಕಡೆಯಿಂದ ಮಾತ್ರ ಬರಬೇಕು ಎಂಬುದೇ ಇದರ ಗುಟ್ಟು. ಅಡುಗೆಮನೆಯ ಹೊಗೆ ಹೋಗಲು ಕಿಟಕಿ ತೆರೆಯುತ್ತೇವೆ, ಮಾಡಿನ ಹಂಚು ತೆಗೆಯುವುದಿಲ್ಲ ಅಲ್ವಾ? ಹಾಗೆಯೇ ಮುಂದಿನ ಕಿಂಡಿ ತೆರೆದಿರಲಿ; ಕೆನ್ನೆ, ಕಿವಿ, ಕತ್ತಿನ ಹಿಂದೆ ಸಂದು ಇಲ್ಲದಿರಲಿ. ಮಳೆಯ ದಿನ ಸ್ವಲ್ಪ ಸದ್ದು ಬಂದರೂ ಚಿಂತೆಯಿಲ್ಲ, ಕಣ್ಣು ಕಾಣುವುದೇ ಮುಖ್ಯ. ಒಣಹವೆಯ ದಿನ ಗ್ಲಾಸ್ ಪೂರ್ತಿ ಮುಚ್ಚಿ ನೆಮ್ಮದಿಯಾಗಿ ಹೋಗಿ.

ಕೊಳ್ಳುವಾಗ

ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. 2021ರ ಜೂನ್ 1ರಿಂದ ಈ ಗುರುತು ಇಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನಿಗೆ ವಿರುದ್ಧ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ಟೊಪ್ಪಿಯಂಥದ್ದು ಪೊಲೀಸರಿಗೆ ತೋರಿಸಲು ಆಗಬಹುದು, ತಲೆ ಕಾಯಲು ಆಗದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ.

ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು. ಕರ್ನಾಟಕದಲ್ಲಿ 2016ರಿಂದ ಇದು ಕಡ್ಡಾಯ. ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳಿಗೂ ಕಾನೂನು ಅನ್ವಯಿಸುತ್ತದೆ. ಅದಕ್ಕಿಂತ ಸಣ್ಣ ಮಕ್ಕಳನ್ನು ಕರೆದೊಯ್ಯುವಾಗ ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಮುಂದಿನ ಸಂಘದ ಸಭೆಯಲ್ಲಿ ಹೀಗೆ ಮಾಡಿ

– ಸ್ಕೂಟರ್ ಓಡಿಸುವವರೂ ಹಿಂದೆ ಕೂರುವವರೂ ತಮ್ಮ ಹೆಲ್ಮೆಟ್ ತನ್ನಿ. ಒಬ್ಬರು ಹೊಲಿಗೆ ಟೇಪ್, ಒಬ್ಬರು ಶಾಂಪೂ ಮತ್ತು ಮೆತ್ತನೆ ಬಟ್ಟೆ ತನ್ನಿ.
– ಪ್ರತಿಯೊಬ್ಬರ ತಲೆಯ ಅಳತೆ ತೆಗೆದು ಹೆಲ್ಮೆಟ್ಟಿನ ಅಳತೆಯ ಜೊತೆ ಹೋಲಿಸಿ.
– ಕಾಗದದ ಪರೀಕ್ಷೆ, ಉಸಿರಿನ ಪರೀಕ್ಷೆ ಮಾಡಿ. ಕಿಂಡಿ ಎಲ್ಲಿದೆ, ಹೇಗೆ ತೆರೆಯುತ್ತದೆ ಎಂದು ಒಬ್ಬರಿಗೊಬ್ಬರು ತೋರಿಸಿ.
– ಅರ್ಧ ಗ್ಲಾಸಿಗೆ ಸೋಪು ಹಚ್ಚಿ, ಇನ್ನರ್ಧ ಹಾಗೇ ಬಿಟ್ಟು ಉಸಿರು ಬಿಟ್ಟು ನೋಡಿ. ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಭಾಷಣ ಬೇಕಾಗಿಲ್ಲ.
– ಸ್ಕೂಟರಿಗೆ ಸಂಘದಿಂದ ಸಾಲ ಕೊಡುವಾಗ ಎರಡು ಒಳ್ಳೆಯ ಹೆಲ್ಮೆಟ್ಟಿನ ಬೆಲೆಯನ್ನೂ ಅಂದಾಜಿನಲ್ಲಿ ಸೇರಿಸಬೇಕೇ? ಚರ್ಚಿಸಿ, ನಿರ್ಣಯವನ್ನು ಪುಸ್ತಕದಲ್ಲಿ ಬರೆಯಿರಿ.

ಆರಂಭದಲ್ಲಿ ಹೇಳಿದ ಆ ಸಹೋದರಿ ಈಗ ಮತ್ತೆ ಸ್ಕೂಟರ್ ಓಡಿಸುತ್ತಿದ್ದಾರೆ. ಅವರ ಹೆಲ್ಮೆಟ್ ಗಂಡನದಾಗಿತ್ತು, ಅಳತೆ ಎರಡು ಸೆಂಟಿಮೀಟರ್ ದೊಡ್ಡದಿತ್ತು. ಈಗ ತಮ್ಮ ಅಳತೆಯದ್ದು ಕೊಂಡಿದ್ದಾರೆ. ಮೊನ್ನೆ ಮಳೆಯಲ್ಲೇ ಸಭೆಗೆ ಬಂದು, ಗ್ಲಾಸ್ ಎತ್ತಿ ನಕ್ಕು, "ದಾರಿ ಪೂರ್ತಿ ಕಾಣ್ತು ಸಿಸ್ಟರ್" ಎಂದರು. ನಿಮಗೆಲ್ಲರಿಗೂ ಈ ಮಳೆಗಾಲದಲ್ಲಿ ದಾರಿ ಕಾಣಲಿ, ಕ್ಷೇಮವಾಗಿ ಮನೆ ಸೇರಿರಿ.